ಗಾಡಿಗೊಂದು ಬಣ್ಣ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೂಲ್ ಬಸ್ ಹಳದಿ, ಫೈರ್ ಇಂಜಿನ್ ಕೆಂಪು, ಆಂಬುಲೆನ್ಸ್ ಬಿಳಿ, ಮಿಲಿಟರಿ ಟ್ರಕ್ ಹಸಿರು. ಇಷ್ಟು ಎಲ್ಲರಿಗೂ ಗೊತ್ತು. ಯಾಕೆ ಹಾಗೆ ಅಂತ ಕೇಳಿದರೆ ಮಾತ್ರ ತಡವರಿಸುತ್ತೇವೆ. ಕೆಲವು ಬಣ್ಣಗಳಿಗೆ ಕಾನೂನು ಕಾರಣ, ಕೆಲವಕ್ಕೆ ನಮ್ಮ ಕಣ್ಣಿನ ಗುಣ ಕಾರಣ, ಇನ್ನು ಕೆಲವು ಬರೀ ರೂಢಿಯಿಂದ ಬಂದವು. ಮಕ್ಕಳು, ಹೊಸದಾಗಿ ಲೈಸೆನ್ಸ್ ಮಾಡಿಸುವವರು, ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರು ಜಾಸ್ತಿ ಕೇಳುವ ಪ್ರಶ್ನೆಗಳನ್ನು ಉತ್ತರದ ಜೊತೆ ಇಲ್ಲಿ ಕೊಟ್ಟಿದ್ದೇನೆ.

ಗಾಡಿ ಮೇಲೆ ಹೆಸರು, ಬೋರ್ಡು ಎಲ್ಲ ಇರುತ್ತಲ್ಲ. ಬಣ್ಣ ಬೇರೆ ಯಾಕೆ ಬೇಕು?

ಬೋರ್ಡ್ ಓದಬೇಕಾದರೆ ಗಾಡಿ ಹತ್ತಿರ ಬರಬೇಕು, ಬೆಳಕಿರಬೇಕು, ಎಲ್ಲಕ್ಕಿಂತ ಮೊದಲು ಓದು ಬರಬೇಕು. ಬಣ್ಣ ಗುರುತಿಸುವುದಕ್ಕೆ ಇಷ್ಟೆಲ್ಲ ಬೇಡ. ತಿರುವಿನಲ್ಲಿ ಗಾಡಿಯ ಒಂದು ಮೂಲೆ ಕಂಡರೂ ಸಾಕು.

ಹಳ್ಳಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವ ಅಜ್ಜಿಯರನ್ನು ಗಮನಿಸಿ. ಹಣೆಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡುತ್ತಿರುತ್ತಾರೆ. ಧೂಳಿನ ನಡುವೆ ಕೆಂಪು ಕಂಡ ಕೂಡಲೇ ಚೀಲ ಎತ್ತಿ ಬಗಲಿಗೆ ಹಾಕುತ್ತಾರೆ. ಬೋರ್ಡ್ ಕಾಣುವ ಹೊತ್ತಿಗೆ ಅವರು ರಸ್ತೆ ಅಂಚಿಗೆ ಬಂದು ನಿಂತಾಗಿರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಆ ಕೆಂಪಿಗೆ ಇನ್ನೊಂದು ಅರ್ಥವೂ ಸೇರಿತು: ಈ ಬಸ್ ಹತ್ತಿದರೆ ಹೆಂಗಸರು ದುಡ್ಡು ಕೊಡಬೇಕಿಲ್ಲ.

ನನ್ನ ಪ್ರಕಾರ ಗಾಡಿಯ ಬಣ್ಣ ಮೊದಲು ಇಂಥವರಿಗೆ ಸೇರಿದ್ದು. ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ, ರಸ್ತೆ ದಾಟುವ ಮಕ್ಕಳಿಗೆ. ಮಾಲೀಕನ ಅಂದಚಂದ ಆಮೇಲೆ. ಅದಕ್ಕೇ ಸಾರಿಗೆ ಬಸ್ಸಿನ ಮೈತುಂಬ ಜಾಹೀರಾತು ಅಂಟಿಸಿ ಮೂಲ ಬಣ್ಣವನ್ನೇ ಮುಚ್ಚಿಬಿಡುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಹಿಂಭಾಗದಲ್ಲಿ ಒಂದು ಜಾಹೀರಾತು ಹಾಕಿದರೆ ಯಾರಿಗೂ ತೊಂದರೆ ಇಲ್ಲ. ಮುಂಭಾಗ ಮತ್ತು ಬಾಗಿಲಿನ ಬದಿಯ ಬಣ್ಣ ಹಾಗೇ ಉಳಿಯಬೇಕು.

ಸ್ಕೂಲ್ ಬಸ್ಸಿಗೆ ಹಳದಿ ಬಣ್ಣ ಎಲ್ಲಿಂದ ಬಂತು?

ಅಮೆರಿಕದಿಂದ. 1939ಕ್ಕೆ ಮೊದಲು ಅಲ್ಲಿ ಶಾಲೆ ಗಾಡಿಗಳಿಗೆ ಒಂದೇ ಬಣ್ಣ ಅಂತ ಇರಲಿಲ್ಲ. ಒಂದೊಂದು ಊರಿನಲ್ಲಿ ಒಂದೊಂದು. ದೇಶಭಕ್ತಿ ಹುಟ್ಟಲಿ ಅಂತ ಧ್ವಜದ ಕೆಂಪು, ಬಿಳಿ, ನೀಲಿ ಬಳಿದವರೂ ಇದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಫ್ರಾಂಕ್ ಸೈರ್ ಎಂಬ ಶಿಕ್ಷಣ ತಜ್ಞರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಒಂದು ಸಭೆ ಕರೆದರು. ಶಿಕ್ಷಣ ಇಲಾಖೆಯವರು, ಬಸ್ ತಯಾರಿಸುವವರು, ಪೇಂಟ್ ಕಂಪನಿಯವರು ಎಲ್ಲ ಬಂದಿದ್ದರು. ಬಣ್ಣದ ಪಟ್ಟಿಗಳನ್ನು ಗೋಡೆಗೆ ತೂಗುಹಾಕಿ, ಯಾವುದು ಚೆನ್ನಾಗಿ ಕಾಣುತ್ತದೆ ಅಂತ ಒಬ್ಬೊಬ್ಬರೂ ನೋಡಿದರು. ಕೊನೆಗೆ ಕಿತ್ತಳೆಗೆ ಹತ್ತಿರದ ಒಂದು ಹಳದಿ ಗೆದ್ದಿತು.

ಅವರು ಮುಖ್ಯವಾಗಿ ನೋಡಿದ್ದು ಒಂದು ವಿಷಯ. ಮಕ್ಕಳ ಬಸ್ ಓಡುವುದು ಬೆಳಗಿನ ಜಾವ ಮತ್ತು ಸಂಜೆ. ಆ ಮಬ್ಬು ಬೆಳಕಿನಲ್ಲಿ ಹಳದಿ ಮೇಲೆ ಬರೆದ ಕಪ್ಪು ಅಕ್ಷರ ಸುಲಭವಾಗಿ ಕಾಣುತ್ತಿತ್ತು.

ನಮ್ಮ ದೇಶದಲ್ಲಿ ಇದಕ್ಕೆ ಬಲ ಬಂದದ್ದು ಸುಪ್ರೀಂ ಕೋರ್ಟಿನಿಂದ. ದೆಹಲಿಯ ಸಂಚಾರದ ಬಗ್ಗೆ ಪರಿಸರ ಹೋರಾಟಗಾರ ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ 1997ರಲ್ಲಿ ಕೋರ್ಟು ಸ್ಕೂಲ್ ಬಸ್ಸುಗಳಿಗೆ ನಿರ್ದೇಶನ ಕೊಟ್ಟಿತು. ಹಳದಿ ಬಣ್ಣ, ವೇಗ ಗಂಟೆಗೆ 40 ಕಿ.ಮೀ. ದಾಟದಂತೆ ಸ್ಪೀಡ್ ಗವರ್ನರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕಿಟಕಿಗೆ ಅಡ್ಡ ಸರಳು, ಬಸ್ಸಿನ ಮೇಲೆ ಶಾಲೆಯ ಹೆಸರು ಮತ್ತು ಫೋನ್ ನಂಬರ್. ಇವೆಲ್ಲ ದೇಶದ ಬೇರೆ ಕಡೆಗೂ ಹಬ್ಬಿದ್ದು ಆಮೇಲೆ. ಬಣ್ಣದಲ್ಲೂ ಸುಮ್ನೆ ‘ಹಳದಿ’ ಅಂದರೆ ಆಗುವುದಿಲ್ಲ. ಭಾರತೀಯ ಮಾನಕ ಬ್ಯೂರೋದ ಬಣ್ಣಗಳ ಪಟ್ಟಿಯಲ್ಲಿ ‘ಗೋಲ್ಡನ್ ಯೆಲ್ಲೋ’ ಅಂತ ಒಂದಿದೆ, ಅದರ ನಂಬರ್ 356. ನಿಂಬೆ ಹಳದಿ ಬೇರೆ, ಅದು ಬೇರೆ.

ನಮ್ಮ ಮಕ್ಕಳ ಶಾಲೆಗೆ ಬಾಡಿಗೆ ಬಸ್ ಬರುತ್ತೆ. ಅದು ಹಳದಿ ಇಲ್ಲ. ತಪ್ಪಲ್ವಾ?

ಶಾಲೆಯ ಸ್ವಂತ ಬಸ್ಸಿಗೆ ಹಳದಿ ಕಡ್ಡಾಯ. ಬಾಡಿಗೆ ಬಸ್ ಆದರೆ ‘ಆನ್ ಸ್ಕೂಲ್ ಡ್ಯೂಟಿ’ ಎಂಬ ಬೋರ್ಡು ಹಿಂದೆ ಮುಂದೆ ಕಾಣುವಂತೆ ಇರಬೇಕು. ಬೋರ್ಡು ಡ್ಯಾಶ್‌ಬೋರ್ಡ್ ಮೇಲೆ ಮಲಗಿದ್ದರೆ ಇದ್ದೂ ಇಲ್ಲದ ಹಾಗೆ. ಶಾಲೆಯವರಿಗೆ ಒಂದು ಮಾತು ಹೇಳಿ. ಮಕ್ಕಳು ಇಳಿದು ಬಸ್ಸಿನ ಮುಂದಿನಿಂದ ರಸ್ತೆ ದಾಟುವಾಗ ಎದುರಿನ ಗಾಡಿಯವನಿಗೆ ಅದು ಮಕ್ಕಳ ಬಸ್ ಅಂತ ಗೊತ್ತಾಗಲೇಬೇಕು.

ಕೆಎಸ್‌ಆರ್‌ಟಿಸಿ ಬಸ್ ಅಂದರೆ ಕೆಂಪು. ಎಲ್ಲವೂ ಹಾಗಿಲ್ಲವಲ್ಲ?

ಇಲ್ಲ. ಕೆಂಪು ಸಾಮಾನ್ಯ ಸಾರಿಗೆಯ ಗುರುತು. ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಅಷ್ಟು ವರ್ಷಗಳ ಓಡಾಟದಲ್ಲಿ ‘ಕೆಂಪು ಬಸ್’ ಎನ್ನುವುದೇ ಹೆಸರಾಗಿ ಹೋಯಿತು. ‘ಕೆಂಪು ಬಸ್ಸಿಗೆ ಬಾ, ಪ್ರೈವೇಟ್‌ಗೆ ಹತ್ತಬೇಡ’ ಅಂತ ಮನೆಯವರು ಹೇಳುವುದನ್ನು ಕೇಳಿಯೇ ಇರುತ್ತೀರಿ.

ಜಾಸ್ತಿ ದುಡ್ಡಿನ ಸರ್ವೀಸುಗಳಿಗೆ ಹೆಸರೂ ಬೇರೆ, ವೇಷವೂ ಬೇರೆ. ರಾಜಹಂಸ, ಐರಾವತ, ಅಂಬಾರಿ, 2023ರಲ್ಲಿ ಬಂದ ಪಲ್ಲಕ್ಕಿ. ಬೆಂಗಳೂರಿನಲ್ಲಿ ಬಿಎಂಟಿಸಿಯ ನೀಲಿ ಬಿಳಿ ಬಸ್ಸುಗಳು ನಗರ ಸಾರಿಗೆಯ ಗುರುತಾಗಿವೆ. ಮೆಜೆಸ್ಟಿಕ್ಕಿನಲ್ಲಿ ರಸ್ತೆಯ ಒಂದು ಬದಿಗೆ ನೀಲಿ, ಇನ್ನೊಂದು ಬದಿಯ ನಿಲ್ದಾಣದಲ್ಲಿ ಕೆಂಪು. ಊರಿಂದ ಮೊದಲ ಸಲ ಬಂದವರೂ ಇಷ್ಟರ ಮೇಲೆ ದಾರಿ ಹಿಡಿಯುತ್ತಾರೆ.

ಕೆಂಪು ನಮ್ಮದೊಬ್ಬರದೇ ಅಲ್ಲ. ಮಹಾರಾಷ್ಟ್ರದ ಎಸ್‌ಟಿ ಬಸ್ಸೂ ಕೆಂಪೇ, ಅಲ್ಲಿನವರು ಪ್ರೀತಿಯಿಂದ ‘ಲಾಲ್ ಪರಿ’ ಅನ್ನುತ್ತಾರೆ. ಬೆಳಗಾವಿ ಸ್ಟ್ಯಾಂಡಿನಲ್ಲಿ ಎರಡೂ ಅಕ್ಕಪಕ್ಕ ನಿಂತಾಗ ಬಣ್ಣದ ಮೇಲೆ ನಂಬಿಕೆ ಇಡಬೇಡಿ, ಬೋರ್ಡ್ ಓದಿಯೇ ಹತ್ತಿ.

ಪ್ರೈವೇಟ್ ಬಸ್ಸುಗಳಿಗೆ ಬಣ್ಣದ ನಿಯಮ ಇಲ್ಲವಾ?

ಟೂರಿಸ್ಟ್ ಬಸ್ಸುಗಳಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬಿಳಿ ಮೈ, ನಡುವೆ 5 ಸೆಂ.ಮೀ. ಅಗಲದ ನೀಲಿ ಪಟ್ಟಿ ಅಂತ ಬರೆದಿತ್ತು. ರಸ್ತೆಯಲ್ಲಿ ನೋಡಿದರೆ ಅದು ಎಷ್ಟು ಪಾಲನೆಯಾಯಿತು ಅಂತ ನಿಮಗೇ ಗೊತ್ತಾಗುತ್ತದೆ.

ಕೇರಳದಲ್ಲಿ ಇದು ದೊಡ್ಡ ವಿಷಯವಾಯಿತು. 2022ರ ಅಕ್ಟೋಬರ್‌ನಲ್ಲಿ ಪಾಲಕ್ಕಾಡ್ ಜಿಲ್ಲೆಯ ವಡಕ್ಕೆಂಚೇರಿ ಬಳಿ ಶಾಲಾ ಪ್ರವಾಸದ ಬಸ್ಸೊಂದು ಸರ್ಕಾರಿ ಬಸ್ಸಿಗೆ ಗುದ್ದಿ 9 ಜನ ಸತ್ತರು. ಆಮೇಲೆ ಅಲ್ಲಿನ ಸರ್ಕಾರ ಟೂರಿಸ್ಟ್ ಬಸ್ಸುಗಳ ಮೇಲಿನ ಝಗಮಗ ಚಿತ್ರ, ಬಣ್ಣದ ಲೈಟು ಎಲ್ಲ ತೆಗೆಸಿ ಬಿಳಿ ಬಣ್ಣವನ್ನೇ ಹೊಡೆಸಲು ಗಟ್ಟಿಯಾಗಿ ನಿಂತಿತು. ಅಪಘಾತಕ್ಕೆ ಬಣ್ಣ ಕಾರಣ ಆಗಿರಲಿಲ್ಲ, ವೇಗ ಕಾರಣ. ಆದರೂ ಎದುರಿನವರ ಕಣ್ಣು ಕುಕ್ಕುವ ಲೈಟುಗಳನ್ನು ತೆಗೆಸಿದ್ದು ಒಳ್ಳೆಯದೇ ಆಯಿತು.

ನಮ್ಮ ಕರಾವಳಿಯಲ್ಲಂತೂ ಪ್ರೈವೇಟ್ ಬಸ್ಸನ್ನು ಜನ ಹೆಸರಿನಿಂದಲೇ ಗುರುತಿಸುತ್ತಾರೆ. ಬಣ್ಣಕ್ಕೆ ಅಲ್ಲಿ ಎರಡನೇ ಜಾಗ.

ಆಟೋ ಕೆಲವು ಕಡೆ ಕಪ್ಪು ಹಳದಿ, ಬೆಂಗಳೂರಲ್ಲಿ ಹಸಿರು ಹಳದಿ. ಯಾಕೆ?

ಮೊದಲು ಎಲ್ಲ ಕಡೆ ಕಪ್ಪು ಮೈ, ಹಳದಿ ಟಾಪ್ ಜಾಸ್ತಿ. ಹಸಿರು ಬಂದದ್ದು ಗ್ಯಾಸಿನ ಜೊತೆ. ದೆಹಲಿಯಲ್ಲಿ 1998ರ ಸುಪ್ರೀಂ ಕೋರ್ಟ್ ಆದೇಶದ ನಂತರ ಆಟೋಗಳು ಸಿಎನ್‌ಜಿಗೆ ಬದಲಾದವು, ಜೊತೆಗೆ ಹಸಿರಾದವು. ಬೆಂಗಳೂರಿನಲ್ಲೂ ಪೆಟ್ರೋಲ್ ಬಿಟ್ಟು ಎಲ್‌ಪಿಜಿಗೆ ಬಂದ ಆಟೋಗಳಿಗೆ ಹಸಿರು ಮೈ ಬಂತು. ಗ್ಯಾಸ್ ಆಟೋ ಯಾವುದು, ಹಳೆಯದು ಯಾವುದು ಅಂತ ಟ್ರಾಫಿಕ್ ಪೊಲೀಸರಿಗೆ ದೂರದಿಂದಲೇ ತಿಳಿಯುತ್ತಿತ್ತು. ಟಾಪ್ ಮಾತ್ರ ಹಳದಿಯಾಗಿಯೇ ಉಳಿಯಿತು. ಟ್ರಾಫಿಕ್ಕಿನ ನಡುವೆ ಕೈ ಎತ್ತುವವರಿಗೆ ಮೊದಲು ಕಾಣುವುದು ಆ ಟಾಪೇ ಅಲ್ವಾ?

ಇದರ ಮೇಲೆ ಡ್ರೈವರ್ ಅಣ್ಣಂದಿರ ಸ್ವಂತ ಅಲಂಕಾರ ಬೇರೆ. ಹಿಂಭಾಗದಲ್ಲಿ ಶಂಕರ್‌ನಾಗ್ ಚಿತ್ರ, ನವೆಂಬರ್ ಬಂತೆಂದರೆ ಹಳದಿ ಕೆಂಪು ಬಾವುಟ, ಆಯುಧ ಪೂಜೆಗೆ ಬಾಳೆಕಂದು. ಗಾಡಿಯ ಮೂಲ ಬಣ್ಣ ಮುಚ್ಚದಿದ್ದರೆ ಈ ಅಲಂಕಾರ ರಸ್ತೆಗೇ ಒಂದು ಕಳೆ.

ಟ್ಯಾಕ್ಸಿಯ ಕಥೆಯೂ ಊರಿಗೊಂದು. ಮುಂಬೈಯಲ್ಲಿ ‘ಕಾಲಿ ಪೀಲಿ’, ಅಂದರೆ ಕಪ್ಪು ಹಳದಿ. ಅಲ್ಲಿ ಹಲವು ದಶಕ ಓಡಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು. ಕೋಲ್ಕತ್ತಾದಲ್ಲಿ ಹಳದಿ ಅಂಬಾಸಿಡರ್. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ.

ಫೈರ್ ಇಂಜಿನ್ ಕೆಂಪಗಿರುವುದು ಚೆನ್ನಾಗಿ ಕಾಣಲಿ ಅಂತ ತಾನೆ?

ಹಗಲಿನಲ್ಲಿ ಹೌದು. ಸಂಜೆ ಮೇಲೆ ಅಲ್ಲ. ಇದನ್ನು ನೀವೇ ಪರೀಕ್ಷೆ ಮಾಡಿ. ಅಂಗಳದಲ್ಲಿ ಕೆಂಪು ದಾಸವಾಳ ಇದ್ದರೆ ಮುಸ್ಸಂಜೆ ಹೊತ್ತು ಹೋಗಿ ನೋಡಿ. ಮಧ್ಯಾಹ್ನ ಎಲೆಗಿಂತ ಎದ್ದು ಕಾಣುತ್ತಿದ್ದ ಹೂವು ಕಪ್ಪಗಾಗಿರುತ್ತದೆ, ಎಲೆ ಇನ್ನೂ ಸ್ವಲ್ಪ ತಿಳಿಯಾಗಿ ಕಾಣುತ್ತಿರುತ್ತದೆ. ಪರ್ಕಿಂಜೆ ಎಂಬ ವಿಜ್ಞಾನಿ 1819ರ ಸುಮಾರಿಗೆ ಹೂವುಗಳಲ್ಲೇ ಇದನ್ನು ಗಮನಿಸಿದರು. ಹಗಲು ನಮ್ಮ ಕಣ್ಣು ಜಾಸ್ತಿ ಸ್ಪಂದಿಸುವುದು 555 ನ್ಯಾನೋಮೀಟರ್ ಆಸುಪಾಸಿನ ಹಳದಿ ಹಸಿರಿಗೆ. ಕತ್ತಲಾದಂತೆ ಅದು ನೀಲಿ ಹಸಿರಿನ ಕಡೆ ಸರಿಯುತ್ತದೆ. ಕೆಂಪು ಹಿಂದೆ ಬೀಳುತ್ತದೆ.

ಈ ಕಾರಣಕ್ಕೆ ಅಮೆರಿಕದಲ್ಲಿ 1970ರ ದಶಕದಿಂದ ಎಷ್ಟೋ ಊರುಗಳು ಫೈರ್ ಇಂಜಿನ್‌ಗಳಿಗೆ ಎಳೆನಿಂಬೆಯ ಹಳದಿ ಹಸಿರು ಬಳಿದವು. ಡಲ್ಲಾಸ್ ನಗರದ ಅಂಕಿಅಂಶ ನೋಡಿ 1995ರಲ್ಲಿ ಬಂದ ಅಧ್ಯಯನದಲ್ಲಿ ಈ ಗಾಡಿಗಳಿಗೆ ಅಪಘಾತ ಕಡಿಮೆ ಅಂತ ತೇಲಿತು. ಇಷ್ಟಾದರೂ ಹಲವು ಊರುಗಳು ಮತ್ತೆ ಕೆಂಪಿಗೇ ಮರಳಿದವು. ಯಾಕೆಂದರೆ ಜನಕ್ಕೆ ಹಳದಿ ಹಸಿರು ಕಂಡಾಗ ‘ಫೈರ್ ಇಂಜಿನ್ ಬಂತು’ ಅಂತ ಹೊಳೆಯುತ್ತಿರಲಿಲ್ಲ. ಅಲ್ಲಿನ ಅಗ್ನಿಶಾಮಕ ಆಡಳಿತದ 2009ರ ವರದಿಯೂ ಗಾಡಿ ಕಂಡರೆ ಸಾಲದು, ಅದು ಯಾವ ಗಾಡಿ ಅಂತ ಗೊತ್ತಾಗಬೇಕು ಎಂಬುದಕ್ಕೆ ಒತ್ತು ಕೊಟ್ಟಿತು.

ನನಗೆ ಈ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದೇ. ಕಣ್ಣಿಗೆ ಚೆನ್ನಾಗಿ ಕಾಣುವ ಬಣ್ಣವನ್ನು ಪ್ರಯೋಗಶಾಲೆ ಹೇಳಬಹುದು. ಗುರುತು ಹತ್ತುವ ಬಣ್ಣವನ್ನು ಮಾತ್ರ ಜನ ತಲೆಮಾರುಗಳಿಂದ ಕಲಿತಿರಬೇಕು. ಹಾಗಾಗಿ ಕೆಂಪು ಉಳಿಸಿಕೊಂಡು ಅದರ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ, ಲೈಟು, ಸೈರನ್ ಸೇರಿಸುವುದೇ ಸರಿಯಾದ ದಾರಿ.

ವಿಮಾನ ನಿಲ್ದಾಣದಲ್ಲಿ ಹಳದಿ ಹಸಿರು ಫೈರ್ ಗಾಡಿ ನೋಡಿದ್ದೇವೆ ಅಂತ ಮಕ್ಕಳು ಹೇಳುತ್ತಾರೆ. ಅದೂ ಸರಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ತುರ್ತು ಗಾಡಿಗಳಿಗೆ ಕೆಂಪು ಅಥವಾ ಹಳದಿ ಹಸಿರು ಇರಲಿ ಅನ್ನುತ್ತದೆ. ಸಾಮಾನು ಸಾಗಿಸುವ ಮುಂತಾದ ಸೇವಾ ಗಾಡಿಗಳಿಗೆ ಹಳದಿ.

ಆಂಬುಲೆನ್ಸ್ ಬಿಳಿ ಇರುತ್ತೆ, ಅಕ್ಷರ ಉಲ್ಟಾ ಇರುತ್ತೆ. ಲೈಟಿನ ಬಣ್ಣಕ್ಕೂ ನಿಯಮ ಇದೆಯಾ?

ಇದೆ. ಮೊದಲು ಅಕ್ಷರ. ಮುಂದಿನ ಗಾಡಿಯವರ ಕನ್ನಡಿಯಲ್ಲಿ ನೇರವಾಗಿ ಓದಲಿ ಅಂತ ಬಾನೆಟ್ ಮೇಲೆ ಉಲ್ಟಾ ಬರೆಯುತ್ತಾರೆ. ಬಿಳಿ ಬಣ್ಣ ಆಂಬುಲೆನ್ಸ್‌ಗಳ ರಾಷ್ಟ್ರೀಯ ಮಾನದಂಡದಲ್ಲೇ ಇದೆ. ನಮ್ಮಲ್ಲಿ 108 ಆರೋಗ್ಯ ಕವಚ 2008ರ ನವೆಂಬರ್ 1ರಂದು ಶುರುವಾದ ಮೇಲೆ ಬಿಳಿ ಗಾಡಿ, ದೊಡ್ಡ 108 ಅಂಕಿ ಹಳ್ಳಿ ಹಳ್ಳಿಗೂ ಪರಿಚಯವಾಯಿತು.

ಲೈಟಿನ ವಿಷಯದಲ್ಲಿ 2017ರ ಮೇ 1 ದೊಡ್ಡ ದಿನ. ಅಲ್ಲಿಯವರೆಗೆ ಮಂತ್ರಿ, ಅಧಿಕಾರಿಗಳ ಕಾರಿನ ಮೇಲೆ ಕೆಂಪು ಗೂಟ ತಿರುಗುತ್ತಿತ್ತು. ಅವತ್ತಿನಿಂದ ಅದು ಎಲ್ಲರ ಕಾರಿನಿಂದಲೂ ಇಳಿಯಿತು. ಕೆಂಪು, ನೀಲಿ, ಬಿಳಿ ಮಿನುಗುವ ದೀಪ ತುರ್ತು ಕೆಲಸದ ಗಾಡಿಗಳಿಗೆ ಮಾತ್ರ ಉಳಿಯಿತು. ಆದರೂ ಸ್ವಂತ ಕಾರಿನ ಗ್ರಿಲ್ ಒಳಗೆ ಕೆಂಪು ನೀಲಿ ಫ್ಲ್ಯಾಶರ್ ಕೂರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸುಳ್ಳು ಲೈಟಿಗೆ ನಾಲ್ಕು ಸಲ ದಾರಿ ಬಿಟ್ಟವರು ಐದನೇ ಸಲ ನಿಜವಾದ ಆಂಬುಲೆನ್ಸಿಗೂ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ನನ್ನ ಹಳೆಯ ಜೀಪಿಗೆ ಮಿಲಿಟರಿ ಹಸಿರು ಹೊಡೆಸಬಹುದಾ?

ಬೇಡ. ಕೇಂದ್ರ ಮೋಟಾರು ವಾಹನ ನಿಯಮ 121ರಲ್ಲಿ ಇದು ಸ್ಪಷ್ಟವಾಗಿದೆ: ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಸೇನೆಯಿಂದ ಹರಾಜಿನಲ್ಲಿ ಕೊಂಡ ಗಾಡಿಯಾದರೂ ಬಣ್ಣ ಬದಲಿಸಲೇಬೇಕು. ಹಸಿರಿನಲ್ಲಿ ಬೇರೆ ಛಾಯೆಗಳು ಬೇಕಾದಷ್ಟಿವೆ. ಹಲಸೂರಿನ ಮದ್ರಾಸ್ ಇಂಜಿನಿಯರ್ ಗ್ರೂಪ್ ಆಸುಪಾಸಿನಲ್ಲಿ, ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ನಿಜವಾದ ಸೇನಾ ಗಾಡಿಗಳನ್ನು ನೋಡಬಹುದು. ಅವುಗಳ ನಂಬರ್ ಪ್ಲೇಟಿನಲ್ಲಿ ಮೇಲ್ಮುಖವಾದ ಬಾಣದ ಗುರುತು ಇರುತ್ತದೆ.

ಲಾರಿಗಳು ಕಂದು, ಟ್ಯಾಂಕರ್‌ಗಳು ಬಿಳಿ ಇರುವುದಕ್ಕೂ ನಿಯಮ ಇದೆಯಾ?

ನ್ಯಾಷನಲ್ ಪರ್ಮಿಟ್ ಲಾರಿಗಳಿಗೆ ನಿಯಮದಲ್ಲಿರುವ ಬಣ್ಣದ ಹೆಸರು ತುಂಬಾ ಚೆನ್ನಾಗಿದೆ: ಒಣಗಿದ ಎಲೆಯ ಕಂದು. ಸುತ್ತ ದಪ್ಪ ಬಿಳಿ ಅಂಚು. ಅಪಾಯಕಾರಿ ಸರಕಿನ ಟ್ಯಾಂಕರ್‌ಗೆ ಬಿಳಿ.

ಟ್ಯಾಂಕರ್ ಪಕ್ಕ ಸಿಗ್ನಲ್‌ನಲ್ಲಿ ನಿಂತಾಗ ಅದರ ಮೈಮೇಲಿನ ಚೌಕದ ಫಲಕ ಓದಿ. ಚೂಪು ಮೂಲೆ ಮೇಲಾಗಿ ನಿಂತ ಕೆಂಪು ಚೌಕದಲ್ಲಿ ಬೆಂಕಿಯ ಚಿತ್ರ ಇದ್ದರೆ ಒಳಗಿರುವುದು ಬೇಗ ಹೊತ್ತಿಕೊಳ್ಳುವ ಸರಕು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 1203 ಅಂದರೆ ಪೆಟ್ರೋಲ್, 1202 ಡೀಸೆಲ್, 1075 ಎಲ್‌ಪಿಜಿ. ಟ್ಯಾಂಕರ್ ಎಲ್ಲಾದರೂ ಉರುಳಿದ್ದು ಕಂಡರೆ ಹತ್ತಿರ ಹೋಗಬೇಡಿ, ಬಕೆಟ್ ತಗೊಂಡು ಓಡಬೇಡಿ. ದೂರದಿಂದಲೇ 112ಕ್ಕೆ ಫೋನ್ ಮಾಡಿ ಆ ನಂಬರ್ ಹೇಳಿ. ಯಾವ ಸಿದ್ಧತೆಯಲ್ಲಿ ಬರಬೇಕು ಅಂತ ಅಗ್ನಿಶಾಮಕ ದಳದವರಿಗೆ ಅದರಿಂದಲೇ ತಿಳಿಯುತ್ತದೆ.

ಜೆಸಿಬಿ ಯಾಕೆ ಹಳದಿ? ಟ್ರ್ಯಾಕ್ಟರ್‌ಗೆ ಯಾಕೆ ಬೇರೆ ಬೇರೆ ಬಣ್ಣ?

ಮಣ್ಣು, ಜಲ್ಲಿ, ಧೂಳಿನ ನಡುವೆ ಯಂತ್ರ ಕಾಣದಿದ್ದರೆ ಕೆಲಸದವರ ಜೀವಕ್ಕೆ ಅಪಾಯ. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1931ರ ಕೊನೆಗೆ ಬೂದು ಬಿಟ್ಟು ಹಳದಿಗೆ ಬಂತು. ಇಂಗ್ಲೆಂಡಿನ ಜೆಸಿಬಿ 1951ರಿಂದ ಹಳದಿ. ನಮ್ಮ ಬೆಂಗಳೂರು, ಕೆಜಿಎಫ್‌ನ ಬಿಇಎಂಎಲ್ ಯಂತ್ರಗಳೂ ಹಳದಿಯೇ. ಕಂಪನಿ ಯಾವುದೇ ಇರಲಿ, ಅಗೆಯುವ ಹಳದಿ ಗಾಡಿ ಕಂಡರೆ ನಮ್ಮ ಜನ ‘ಜೆಸಿಬಿ’ ಅಂತಾರೆ.

ಟ್ರ್ಯಾಕ್ಟರ್ ಬಣ್ಣಕ್ಕೆ ಕಾನೂನಿಲ್ಲ, ಅದು ಕಂಪನಿಯ ಗುರುತು. ಜಾನ್ ಡೀರ್ ಹಸಿರು ಮೈ, ಹಳದಿ ಚಕ್ರ. ಮಹೀಂದ್ರಾ, ಮ್ಯಾಸ್ಸಿ ಕೆಂಪು. ನ್ಯೂ ಹಾಲೆಂಡ್, ಸೋನಾಲಿಕಾ ನೀಲಿ. ಕುಬೋಟಾ ಕಿತ್ತಳೆ. ಹೊಲದ ಆಚೆ ಬದಿಯಲ್ಲಿ ಉಳುತ್ತಿರುವುದು ಯಾರ ಟ್ರ್ಯಾಕ್ಟರ್ ಅಂತ ರೈತರು ಬದುವಿನ ಮೇಲೆ ನಿಂತೇ ಹೇಳುತ್ತಾರೆ.

ರೈಲಿನ ಬಣ್ಣಗಳಿಗೆ ಅರ್ಥ ಇದೆಯಾ?

ಸ್ವಲ್ಪ ಇದೆ. ಹಳಬರಿಗೆ ನೆನಪಿರುವ ರೈಲು ಇಟ್ಟಿಗೆ ಕೆಂಪು. 1990ರ ದಶಕದಲ್ಲಿ ಏರ್ ಬ್ರೇಕ್ ಬೋಗಿಗಳ ಜೊತೆ ನೀಲಿ ಬಂತು. ರಾಜಧಾನಿಗೆ ಕೆಂಪು, 2006ರಲ್ಲಿ ಬಂದ ಗರೀಬ್ ರಥಕ್ಕೆ ಹಸಿರು. ವಂದೇ ಭಾರತ್ ಮೊದಲು ಬಿಳಿ ನೀಲಿ, 2023ರಿಂದ ಕೇಸರಿ ಬೂದು ಬಣ್ಣದಲ್ಲೂ ಬರುತ್ತಿದೆ. 2022ರ ನವೆಂಬರ್‌ನಲ್ಲಿ ಚೆನ್ನೈ ಮೈಸೂರು ನಡುವೆ ಶುರುವಾದ ದಕ್ಷಿಣದ ಮೊದಲ ವಂದೇ ಭಾರತ್ ಬಿಳಿ ನೀಲಿಯದು. ಕರ್ನಾಟಕದ ಗೋಲ್ಡನ್ ಚಾರಿಯಟ್ 2008ರಿಂದ ನೇರಳೆ ಮತ್ತು ಚಿನ್ನದ ಬಣ್ಣದಲ್ಲಿ ಓಡಿದೆ, ಹೆಸರು ಹಂಪಿಯ ಕಲ್ಲಿನ ರಥದ್ದು.

ಕೊನೆಯ ಬೋಗಿಯ ಹಿಂಬದಿಯಲ್ಲಿ ದೊಡ್ಡ ಹಳದಿ ಅಡ್ಡಗೆರೆಗಳ ಗುರುತು ಇರುತ್ತದೆ, ಗುಣಾಕಾರದ ಚಿಹ್ನೆಯ ಹಾಗೆ. ರೈಲು ಪೂರ್ತಿ ಬಂತು, ನಡುವೆ ಯಾವ ಬೋಗಿಯೂ ಕಳಚಿಕೊಂಡಿಲ್ಲ ಅಂತ ಸ್ಟೇಷನ್ನಿನವರಿಗೆ ಅದು ಹೇಳುತ್ತದೆ.

ವೈಟ್ ಬೋರ್ಡ್, ಯೆಲ್ಲೋ ಬೋರ್ಡ್ ಅಂತಾರಲ್ಲ. ಒಟ್ಟು ಎಷ್ಟು ಥರದ ನಂಬರ್ ಪ್ಲೇಟ್ ಇವೆ?

ಸ್ವಂತ ಗಾಡಿಗೆ ಬಿಳಿ ಪ್ಲೇಟ್, ಕಪ್ಪು ಅಕ್ಷರ. ಬಾಡಿಗೆಗೆ ಓಡುವ ಗಾಡಿಗೆ ಹಳದಿ ಪ್ಲೇಟ್, ಕಪ್ಪು ಅಕ್ಷರ. ನೀವೇ ಓಡಿಸಲು ಬಾಡಿಗೆಗೆ ಸಿಗುವ ಕಾರು, ಬೈಕುಗಳಿಗೆ ಕಪ್ಪು ಪ್ಲೇಟ್, ಹಳದಿ ಅಕ್ಷರ. ಕರೆಂಟ್ ಗಾಡಿಗೆ 2018ರಿಂದ ಹಸಿರು ಪ್ಲೇಟ್. ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದ್ದಾದರೆ ಹಳದಿ ಅಕ್ಷರ. ಹೊಸ ಗಾಡಿಯ ತಾತ್ಕಾಲಿಕ ನಂಬರಿಗೆ ಹಳದಿ ಮೇಲೆ ಕೆಂಪು, ಶೋರೂಂನವರ ಗಾಡಿಗೆ ಕೆಂಪು ಮೇಲೆ ಬಿಳಿ. ವಿದೇಶಿ ರಾಯಭಾರ ಕಚೇರಿಯವರಿಗೆ ನೀಲಿ ಮೇಲೆ ಬಿಳಿ. ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವವರಿಗಾಗಿ 2021ರಲ್ಲಿ ಬಂದ ಬಿಎಚ್ ಸರಣಿಗೂ ಬಿಳಿ ಪ್ಲೇಟೇ.

ವೈಟ್ ಬೋರ್ಡ್ ಕಾರಿನಲ್ಲಿ ದುಡ್ಡು ತಗೊಂಡು ಬಾಡಿಗೆ ಹೊಡೆಯುವವರಿದ್ದಾರೆ. ಮದುವೆ, ತಿರುಪತಿ ಪ್ರವಾಸಕ್ಕೆ ಇಂಥ ಗಾಡಿ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಅಪಘಾತವಾದರೆ ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕಬಹುದು. ಕುಟುಂಬ ಸಮೇತ ಹೊರಟಾಗ ಯೆಲ್ಲೋ ಬೋರ್ಡ್ ಗಾಡಿಯನ್ನೇ ಕರೆಸಿ.

ಮುಂದಿನ ಗ್ಲಾಸಿನ ಮೇಲಿನ ಬಣ್ಣದ ಸ್ಟಿಕ್ಕರ್ ಏನು?

ಇಂಧನದ ಗುರುತು. ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ, ಉಳಿದವಕ್ಕೆ ಬೂದು. ಮೇಲ್ಗಡೆ ಒಂದು ಸೆಂ.ಮೀ. ಹಸಿರು ಪಟ್ಟಿ ಇದ್ದರೆ ಅದು ಬಿಎಸ್6, ಅಂದರೆ ಹೊಗೆಯ ಹೊಸ ಬಿಗಿ ಮಾನದಂಡದ ಗಾಡಿ.

ಬಿಳಿ ಕಾರು ಯಾಕೆ ಇಷ್ಟು ಜಾಸ್ತಿ? ನಿಜವಾಗಲೂ ತಂಪಾ?

ತಂಪು ಹೌದು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 2011ರಲ್ಲಿ ಒಂದೇ ಮಾದರಿಯ ಕಪ್ಪು ಮತ್ತು ಬೆಳ್ಳಿ ಬಣ್ಣದ ಕಾರುಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ ನೋಡಿತು. ಬೆಳ್ಳಿ ಕಾರಿನ ಒಳಗೆ ಸುಮಾರು 5ರಿಂದ 6 ಡಿಗ್ರಿ ಸೆಲ್ಸಿಯಸ್ ಕಡಿಮೆ ಇತ್ತು. ಬಿಳಿಯದೂ ಇದೇ ಲೆಕ್ಕ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲು ಕಂಡವರಿಗೆ ಇದರ ಬೆಲೆ ಗೊತ್ತು.

ಸುರಕ್ಷತೆಯ ವಿಷಯದಲ್ಲೂ ಬಿಳಿ ಮುಂದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ 2007ರ ಅಧ್ಯಯನದ ಪ್ರಕಾರ ಹಗಲು ಹೊತ್ತು ಕಪ್ಪು ಕಾರಿಗೆ ಅಪಘಾತದ ಸಾಧ್ಯತೆ ಬಿಳಿಗಿಂತ ಸುಮಾರು 12 ಶೇಕಡಾ ಜಾಸ್ತಿ. ರಾಶಿ ನೋಡಿ ಬಣ್ಣ ಆರಿಸುವವರು ನಮ್ಮಲ್ಲಿ ತುಂಬಾ ಜನ. ಮನೆಯವರ ಮನಸ್ಸಿಗೆ ಸಮಾಧಾನ ಇದ್ದರೆ ಹಾಗೇ ಮಾಡಿ. ರಾಶಿಗೆ ಎರಡು ಮೂರು ಬಣ್ಣ ಹೊಂದುತ್ತದೆ ಅಂದರೆ ಅದರಲ್ಲಿ ತಿಳಿ ಬಣ್ಣದ್ದನ್ನು ಆರಿಸಿಕೊಳ್ಳಿ.

ಬಿಳಿ ಸೆಕೆಂಡ್ ಹ್ಯಾಂಡ್ ಕಾರು ಮೊದಲು ಟ್ಯಾಕ್ಸಿ ಆಗಿತ್ತಾ ಅಂತ ಹೇಗೆ ತಿಳಿಯುವುದು?

ಯೆಲ್ಲೋ ಬೋರ್ಡ್ ಗಾಡಿಯನ್ನು ಪರ್ಮಿಟ್ ಒಪ್ಪಿಸಿ, ತೆರಿಗೆ ಕಟ್ಟಿ ವೈಟ್ ಬೋರ್ಡ್ ಮಾಡಿಸಲು ಕಾನೂನಿನಲ್ಲಿ ಅವಕಾಶ ಇದೆ. ಅದನ್ನು ಮುಚ್ಚಿಟ್ಟು ಮಾರುವುದು ಮಾತ್ರ ಮೋಸ. ಆರ್‌ಸಿಯಲ್ಲಿ ಗಾಡಿಯ ವರ್ಗ ನೋಡಿ, ಆರ್‌ಟಿಒದಲ್ಲಿ ಹಳೆಯ ದಾಖಲೆ ಕೇಳಿ. ಬಾಗಿಲಿನ ರಬ್ಬರ್ ಬೀಡಿಂಗನ್ನು ಉಗುರಿನಲ್ಲಿ ಸ್ವಲ್ಪ ಎತ್ತಿ ನೋಡಿ. ಮೇಲಿನ ಬಿಳಿಗೂ ಒಳಗಿನ ಬಿಳಿಗೂ ಗೆರೆ ಕೊಯ್ದ ಹಾಗೆ ವ್ಯತ್ಯಾಸ ಇದ್ದರೆ ಮತ್ತೆ ಪೇಂಟ್ ಆಗಿದೆ. ಬಾನೆಟ್‌ನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತು, ಪೆಟ್ರೋಲ್ ಮುಚ್ಚಳದ ಒಳಗಿನ ಬಣ್ಣ, ಬಾಗಿಲ ಮೇಲೆ ಸ್ಟಿಕ್ಕರ್ ಕಿತ್ತ ಜಾಗದ ಮಾಸಲು ಕಲೆ, ಇವನ್ನೂ ಬಿಸಿಲಿನಲ್ಲಿ ನಿಂತು ನೋಡಿ. ಸಂಜೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಾರು ತೋರಿಸುವವರಿಗೆ ‘ನಾಳೆ ಬೆಳಿಗ್ಗೆ ಬರ್ತೀವಿ’ ಅನ್ನಿ.

ಗಾಡಿಯ ಬಣ್ಣ ಬದಲಿಸಬೇಕು. ಸುಮ್ನೆ ಪೇಂಟರ್ ಹತ್ತಿರ ಬಿಟ್ಟರೆ ಆಯ್ತಾ?

ಆಗಲ್ಲ. ಬಣ್ಣ ಆರ್‌ಸಿಯಲ್ಲಿ ಬರೆದಿರುತ್ತದೆ. ಅದನ್ನು ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಟಿಒಗೆ ತಿಳಿಸಿ, ಆರ್‌ಸಿಯಲ್ಲಿ ಹೊಸ ಬಣ್ಣ ನಮೂದು ಮಾಡಿಸಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ಇನ್ಶೂರೆನ್ಸ್ ಕಂಪನಿಗೂ ಹೇಳಿ. ಪೂರ್ತಿ ಬಣ್ಣ ಬದಲಾಗುವ ಹಾಗೆ ಸ್ಟಿಕ್ಕರ್ ರ‍್ಯಾಪ್ ಮಾಡಿಸಿದರೂ ಚೆಕ್ಕಿಂಗ್‌ನಲ್ಲಿ ಪ್ರಶ್ನೆ ಬರುತ್ತದೆ. ಕಳವಾದ ಗಾಡಿ ಹುಡುಕುವಾಗ ಪೊಲೀಸರು ಮೊದಲು ಕೇಳುವುದೇ ನಂಬರ್ ಮತ್ತು ಬಣ್ಣ.

ನನಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲ. ಲೈಸೆನ್ಸ್ ಸಿಗುತ್ತಾ?

2020ರ ಜೂನ್‌ನಲ್ಲಿ ನಿಯಮ ಬದಲಾಗಿದೆ. ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇದ್ದವರಿಗೆ ಲೈಸೆನ್ಸ್ ಸಿಗುತ್ತದೆ, ತೀವ್ರವಾಗಿದ್ದರೆ ಇಲ್ಲ. ಕಣ್ಣಿನ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿ. ಸಿಗ್ನಲ್‌ನಲ್ಲಿ ಮೇಲಿನದು ನಿಲ್ಲು, ಕೆಳಗಿನದು ಹೋಗು ಅಂತ ಜಾಗದಿಂದ ಗುರುತಿಸುವುದನ್ನು ರೂಢಿ ಮಾಡಿಕೊಳ್ಳಿ.

ರಾತ್ರಿ ಹೊತ್ತು ಗಾಡಿಯ ಬಣ್ಣದಿಂದ ಏನು ಉಪಯೋಗ?

ಪೇಂಟಿನಿಂದ ಉಪಯೋಗ ಕಡಿಮೆ. ಆಗ ಕೆಲಸ ಮಾಡುವುದು ಹೊಳೆಯುವ ರಿಫ್ಲೆಕ್ಟರ್ ಟೇಪು. ಅದರ ಬಣ್ಣಕ್ಕೂ ಕ್ರಮ ಇದೆ: ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ. ಕತ್ತಲಲ್ಲಿ ಕೆಂಪು ಗೆರೆ ಕಂಡರೆ ಮುಂದಿನ ಗಾಡಿಯ ಬೆನ್ನು, ಹಳದಿ ಕಂಡರೆ ಅಡ್ಡ ನಿಂತಿದೆ ಅಂತ ಬ್ರೇಕ್ ಒತ್ತುವ ಮೊದಲೇ ತಿಳಿಯುತ್ತದೆ.

ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬಿನ ಸೀಸನ್ನಿನಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಟ್ರೇಲರ್ ಮೀರಿ ಚಾಚಿದ ಕಬ್ಬು, ಹಿಂದೆ ಲೈಟಿಲ್ಲ, ಟೇಪು ಇದ್ದರೂ ಮಣ್ಣು ಮೆತ್ತಿ ಮುಚ್ಚಿಹೋಗಿರುತ್ತದೆ. ಬೈಕಿನವರಿಗೆ ಅದು ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಟ್ರ್ಯಾಕ್ಟರ್ ಇಟ್ಟ ಅಣ್ಣಂದಿರೇ, ಲೋಡ್ ಹಾಕುವ ಮುಂಚೆ ಒದ್ದೆ ಬಟ್ಟೆಯಲ್ಲಿ ಟೇಪು ಒರೆಸಿ. ಕಬ್ಬು ಹಿಂದಕ್ಕೆ ಚಾಚಿದ್ದರೆ ಅದರ ತುದಿಗೆ ಒಂದು ಕೆಂಪು ರಿಫ್ಲೆಕ್ಟರ್ ಕಟ್ಟಿ. ಎತ್ತಿನ ಗಾಡಿಯವರು ಹಿಂದಿನ ಅಡ್ಡಪಟ್ಟಿಗೆ ಕೆಂಪು ಟೇಪು ಅಂಟಿಸಬಹುದು. ಆಟೋ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ.